ಆನ್‌ಲೈನ್ ತಾನೇ, ಆಮೇಲೆ ನೋಡ್ಕೋ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದ ಆಕೆಗೆ 31 ವರ್ಷ, ಹಾಸನದ ಕಡೆಯವರು. ಎಚ್-4 ವೀಸಾದಲ್ಲಿ (ಅಮೆರಿಕದಲ್ಲಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವಂಥದ್ದು) ಗಂಡನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ವರ್ಷವಾಗಿತ್ತು. ನಾಲ್ಕು ವರ್ಷದ ಮಗಳಿದ್ದಾಳೆ.

"ಮೇಡಂ, ನನ್ನ ತಲೆಗೆ ಓದು ಹತ್ತಲ್ಲ ಅನ್ಸುತ್ತೆ" ಅಂತಲೇ ಮಾತು ಶುರು ಮಾಡಿದರು.

ಹಿಂದಿನ ಸೆಮಿಸ್ಟರ್‌ನಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿಗೆ (ಸ್ಥಳೀಯ ಸರ್ಕಾರಿ ಕಾಲೇಜು) ಸೇರಿ ಅಕೌಂಟಿಂಗ್, ಸ್ಟಾಟಿಸ್ಟಿಕ್ಸ್ ತೆಗೆದುಕೊಂಡಿದ್ದರು. ಎರಡೂ ಆನ್‌ಲೈನ್. ರೆಕಾರ್ಡ್ ಮಾಡಿದ ಪಾಠ, ಯಾವಾಗ ಬೇಕಾದರೂ ನೋಡಬಹುದು. ಎರಡನ್ನೂ ನಡುವೆ ಬಿಟ್ಟರು. ಅಂಕಪಟ್ಟಿಯಲ್ಲಿ ಎರಡು 'ಡಬ್ಲ್ಯೂ', ಅಂದರೆ ನಡುವೆ ಬಿಟ್ಟರು ಅನ್ನುವ ಗುರುತು, ಉಳಿಯಿತು.

ದಿನಚರಿ ಕೇಳಿದೆ. ಪಾಠ ನೋಡುತ್ತಿದ್ದದ್ದು ರಾತ್ರಿ ಹತ್ತರ ಮೇಲೆ, ಪಾತ್ರೆ ತೊಳೆದಾದ ಮೇಲೆ. ಹಗಲು ಲ್ಯಾಪ್‌ಟಾಪ್ ತೆರೆದರೆ ಮಗು ತೊಡೆ ಏರುತ್ತಿತ್ತು. ಗಂಡ "ಆನ್‌ಲೈನ್ ತಾನೇ, ಆಮೇಲೆ ನೋಡ್ಕೋ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಪಾಠಕ್ಕೆ ಇಂಥ ಹೊತ್ತು ಅಂತ ಇಲ್ಲದಿದ್ದರೆ ಮನೆಯವರಿಗೆ ಅದು ಪಾಠ ಅಂತಲೇ ಅನ್ನಿಸುವುದಿಲ್ಲ.

ಒಂದು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಇಲ್ಲಿ ಕೋರ್ಸಿನ ಗಾತ್ರವನ್ನು ಯೂನಿಟ್‌ನಲ್ಲಿ ಅಳೆಯುತ್ತಾರೆ. ಪೂರ್ತಿ ಸೆಮಿಸ್ಟರ್‌ನಲ್ಲಿ ಒಂದು ಯೂನಿಟ್ ಅಂದರೆ ತರಗತಿ, ಓದು ಎಲ್ಲ ಸೇರಿ ವಾರಕ್ಕೆ ಸುಮಾರು 3 ಗಂಟೆ. ಅವರದು ತಲಾ 4 ಯೂನಿಟ್, ಅಂದರೆ ವಾರಕ್ಕೆ 24 ಗಂಟೆ. ಆನ್‌ಲೈನ್‌ನಲ್ಲಿ ಓಡಾಟ ಉಳಿಯುತ್ತದೆ, ಓದಿನ ಹೊತ್ತು ಉಳಿಯುವುದಿಲ್ಲ. ಅವರಿಗೆ ಸಿಗುತ್ತಿದ್ದದ್ದು ಎಂಟು ಗಂಟೆ, ಅದೂ ನಿದ್ದೆಗಣ್ಣಲ್ಲಿ. ದಡ್ಡತನದ ಮಾತು ಇಲ್ಲಿ ಎಲ್ಲಿಂದ ಬಂತು?

ಮುಂದಿನ ಸಲ ಗಂಡನನ್ನೂ ಕರೆಸಿದೆ. ಈ ಬಾರಿ ಅಕೌಂಟಿಂಗ್ ಒಂದೇ ಸಾಕು, ಅದೂ ಕಾಲೇಜಿಗೆ ಹೋಗಿ, ವಾರಕ್ಕೆರಡು ಸಂಜೆ ಅಂದೆ. "ಆ ಎರಡು ಸಂಜೆ ಅಡುಗೆ, ಮಗು ಎರಡೂ ನಿಮ್ಮದು" ಅಂತ ಅವರಿಗೆ ನೇರವಾಗಿ ಹೇಳಿದೆ. ಒಪ್ಪಿದರು. ಸ್ಟಾಟಿಸ್ಟಿಕ್ಸ್ ಆಮೇಲೆ. ಆಗಲೂ ಆನ್‌ಲೈನೇ ಬೇಕಿದ್ದರೆ ನಿಗದಿತ ಹೊತ್ತಿಗೆ ಝೂಮ್‌ನಲ್ಲಿ ನಡೆಯುವ ತರಗತಿ ಆರಿಸಿ ಅಂದೆ. ಸೇರಿದ ಮೇಲೆ ಭಾರ ಅನ್ನಿಸಿದರೆ 'ಡಬ್ಲ್ಯೂ' ಇಲ್ಲದೆ ಬಿಡಲು ಕೊನೆಯ ದಿನ ಯಾವುದು ಅಂತ ಮೊದಲೇ ಬರೆದಿಟ್ಟುಕೊಳ್ಳಲು ಹೇಳಿದೆ.

ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಆ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ 46 ಡಾಲರ್, ಹೊರಗಿನವರಿಗೆ ಅದರ ಎಷ್ಟೋ ಪಟ್ಟು. ಎಚ್-4 ಅಂದರೆ ಕಡಿಮೆ ಶುಲ್ಕ ಸಿಗಲ್ಲ ಅಂತ ಸುಮ್ನಾಗುವವರು ಜಾಸ್ತಿ. ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದರೆ ದಾಖಲೆ ಹಿಡಿದು ಪ್ರವೇಶ ಕಚೇರಿಯಲ್ಲಿ ಕೇಳಲೇಬೇಕು. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರ ಕಥೆ ಬೇರೆ. ಅವರು ಪೂರ್ಣಾವಧಿ ಓದಲೇಬೇಕು, ಆ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ತರಗತಿ ಸೇರುತ್ತದೆ.

"ಎಲ್ಲ ಚಿಕ್ಕ ಹುಡುಗ್ರು ಮೇಡಂ, ನನ್ನ ಇಂಗ್ಲಿಷ್ ಕೇಳಿ ನಗಲ್ವಾ?" ಅಂತ ಹೊರಡುವಾಗ ಅಂಜಿದರು. ಸಂಜೆ ತರಗತಿಗೆ ಕೆಲಸ ಮುಗಿಸಿ ಬರುವವರೂ ಇರುತ್ತಾರೆ, ಒಂದು ವಾರ ಹೋಗಿ ನೋಡಿ ಅಂದೆ.

ಮೂರನೇ ವಾರ ಫೋನ್ ಮಾಡಿದೆ. ಕಾಲೇಜಿನ ಲೈಬ್ರರಿಯಲ್ಲಿದ್ದರು, ಜೊತೆಗೆ ಇಬ್ಬರು ಸಹಪಾಠಿಗಳು. "ಆಮೇಲೆ ಮಾತಾಡ್ಲಾ ಮೇಡಂ? ನಾಳೆ ಕ್ವಿಜ್ ಇದೆ" ಅಂದರು.