ಮನೆಯ ಈಜುಕೊಳಕ್ಕೆ ಹೀಟರ್: ಯಾವುದು ತಗೊಳ್ಳೋದು, ಎಲ್ಲಿ ಕೂರಿಸೋದು?

ನಿಮ್ಮ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಹೀಟ್ ಪಂಪ್, ಗ್ಯಾಸ್, ಸೋಲಾರ್ ಮೂರರಲ್ಲಿ ಯಾವುದು ಸರಿ, ಎಷ್ಟು ಕಿಲೋವ್ಯಾಟ್ ಬೇಕು, ನಾನೇ ಜೋಡಿಸಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಪೂಲ್ ಪಂಪು, ಫಿಲ್ಟರು, ಪೈಪಿನ ಕೆಲಸವೇ ನನ್ನ ಕಸುಬು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಮೊದಲ ಮಾತು ಮಾತ್ರ ಚಿಕ್ಕದು: ಹೀಟರ್‌ಗಿಂತ ಮುಂಚೆ ಕೊಳಕ್ಕೊಂದು ಹೊದಿಕೆ ತಗೊಳ್ಳಿ.

ಕೊಳದ ಬಿಸಿ ಹೋಗುವುದು ಹೆಚ್ಚಾಗಿ ಗೋಡೆ, ತಳದ ಮೂಲಕ ಅಲ್ಲ, ಮೇಲ್ಮೈಯಿಂದ ಆವಿಯಾಗಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಯೂನಿಟ್ (ಕಿಲೋವ್ಯಾಟ್ ಅವರ್) ಶಾಖವನ್ನು ಜೊತೆಗೇ ಹೊತ್ತೊಯ್ಯುತ್ತದೆ. ನಿಮ್ಮ ಕೊಳದ ಮೇಲ್ಮೈ 32 ಚದರ ಮೀಟರ್. ನೀರಿನ ಮಟ್ಟ ಬರೀ ಒಂದು ಮಿಲಿಮೀಟರ್ ಇಳಿದರೂ 32 ಲೀಟರ್ ಹೋಯಿತು, ಅಂದರೆ ಹೆಚ್ಚೂಕಡಿಮೆ 22 ಯೂನಿಟ್ ಶಾಖ. ಒಣಹವೆ ಇದ್ದು ಗಾಳಿಯೂ ಬೀಸಿದರೆ ದಿನಕ್ಕೆ ಹಲವು ಮಿಲಿಮೀಟರ್ ಇಳಿಯುತ್ತದೆ. ಗುಳ್ಳೆಗುಳ್ಳೆ ಇರುವ ಪ್ಲಾಸ್ಟಿಕ್ ಹೊದಿಕೆ ಹಾಸಿದರೆ ಇದು ಬಹುಪಾಲು ನಿಲ್ಲುತ್ತದೆ. ಹೊದಿಕೆಯಿಂದ ಬಿಸಿ ಮಾಡುವ ಖರ್ಚು ಶೇ 50ರಿಂದ 70ರಷ್ಟು ಉಳಿಯುತ್ತದೆ ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಹೊದಿಕೆ ಇಲ್ಲದೆ ಹೀಟರ್ ಮಾತ್ರ ಕೇಳಿಕೊಂಡು ಬರುವವರಿಗೆ ನಾನು ಇಷ್ಟನ್ನು ಹೇಳದೆ ಬಿಡುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದೂ ನೆನಪಿರಲಿ: ಈ ಗುಳ್ಳೆ ಹೊದಿಕೆ ಸುರಕ್ಷತೆಯ ಹೊದಿಕೆ ಅಲ್ಲ. ಮೇಲೆ ಕಾಲಿಟ್ಟರೆ ಕುಸಿಯುತ್ತದೆ, ಅಡಿಯಲ್ಲಿ ಸಿಕ್ಕಿಬಿದ್ದವರು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಈಜುವ ಮುಂಚೆ ಪೂರ್ತಿ ತೆಗೆಯಬೇಕು, ಅರ್ಧ ಸರಿಸಿ ಇಳಿಯುವುದು ಬೇಡ.

ಇನ್ನು ಲೆಕ್ಕ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 1.16 ಯೂನಿಟ್ ಶಾಖ ಬೇಕು. ಇದು ಯಾವ ಕಂಪನಿಯ ಹೀಟರ್ ಆದರೂ ಬದಲಾಗುವುದಿಲ್ಲ. ನಿಮ್ಮಲ್ಲಿ ಸುಮಾರು 45,000 ಲೀಟರ್ ಇದೆ, ಹಾಗಾಗಿ ಡಿಗ್ರಿಗೆ 52 ಯೂನಿಟ್. 20ರಲ್ಲಿರುವ ನೀರನ್ನು 28ಕ್ಕೆ ತರಬೇಕೆಂದರೆ 420 ಯೂನಿಟ್ ಹತ್ತಿರ, ಅದೂ ನಡುವೆ ಏನೂ ನಷ್ಟವಾಗದಿದ್ದರೆ. ಜೋರಾಗಿ ಈಜುವವರಿಗೆ 26, 27 ಸಾಕು. ಮಕ್ಕಳು, ವಯಸ್ಸಾದವರು ನೀರಲ್ಲಿ ನಿಂತು ಆಡುವುದಾದರೆ 29, 30 ಬೇಕಾಗುತ್ತದೆ. ಆ ಮೂರು ಡಿಗ್ರಿಗಾಗಿ ಮೊದಲ ಸಲ ಬಿಸಿ ಮಾಡುವ ಖರ್ಚಷ್ಟೇ ಅಲ್ಲ, ದಿನದಿನದ ನಷ್ಟವೂ ಏರುತ್ತದೆ.

ಯಾವ ಹೀಟರ್ ಅನ್ನುವುದು ನೀವು ಕೊಳವನ್ನು ಹೇಗೆ ಬಳಸುತ್ತೀರಿ ಅನ್ನುವುದರ ಮೇಲಿದೆ. ತಿಂಗಳಿಗೆ ಒಂದೆರಡು ಸಲ, ನೆಂಟರು ಬಂದಾಗ ಮಾತ್ರ ಬಿಸಿನೀರು ಬೇಕು, ಉಳಿದಂತೆ ತಣ್ಣಗಿದ್ದರೂ ನಡೆಯುತ್ತದೆ ಅನ್ನುವವರಿಗೆ ಗ್ಯಾಸ್. ನೀರಿಗೆ 60 ಕಿಲೋವ್ಯಾಟ್ ಶಾಖ ಕೊಡುವ ಗ್ಯಾಸ್ ಹೀಟರ್ ನಿಮ್ಮ 420 ಯೂನಿಟ್ಟನ್ನು ಏಳು ಗಂಟೆಯಲ್ಲಿ ಮುಗಿಸುತ್ತದೆ, ಹೊರಗೆ ಎಷ್ಟೇ ಚಳಿಯಿರಲಿ. ದಿನಾ ಈಜುವವರು ಅದನ್ನು ಕೊಂಡರೆ ಇಂಧನದ ಬಿಲ್ಲು ನೋಡಿ ಒಂದೇ ಋತುವಿನಲ್ಲಿ ಬೇಸತ್ತು ಹೋಗುತ್ತಾರೆ.

ದಿನಾ ಈಜುವ ಮನೆಗೆ ಹೀಟ್ ಪಂಪೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಇದು ಶಾಖ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಫ್ರಿಜ್ಜಿನ ಕೆಲಸವನ್ನು ತಿರುಗುಮುರುಗು ಮಾಡಿದ ಹಾಗೆ. ಒಂದು ಯೂನಿಟ್ ಕರೆಂಟಿಗೆ ಐದು ಯೂನಿಟ್ ಶಾಖ ಸಿಕ್ಕಿದರೆ ಆ 420ಕ್ಕೆ ಕರೆಂಟು 84 ಯೂನಿಟ್ ಸಾಕು. ಆದರೆ ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುವ ಸಂಖ್ಯೆ ನೋಡಿ ಮರುಳಾಗಬೇಡಿ. ಅದು ಸಾಮಾನ್ಯವಾಗಿ 27 ಡಿಗ್ರಿ ಗಾಳಿ, ಶೇ 80 ತೇವಾಂಶದಲ್ಲಿ ಅಳೆದದ್ದು. ಅಷ್ಟು ಬೆಚ್ಚಗಿದ್ದರೆ ಹೀಟರ್ ಯಾಕೆ ಬೇಕು ಹೇಳಿ! ಕೆಳಗೆ ಸಣ್ಣಕ್ಷರದಲ್ಲಿ 15 ಡಿಗ್ರಿ ಗಾಳಿಯ ಸಾಲು ಇರುತ್ತದೆ, ಆ ಸಾಲನ್ನು ಹೋಲಿಸಿ ಕೊಳ್ಳಿ. ಇನ್ನೊಂದು ಗೊಂದಲ: ಯಂತ್ರಕ್ಕೆ ಹಚ್ಚಿದ ಪ್ಲೇಟಿನ ಮೇಲೆ ಎರಡು ಕಿಲೋವ್ಯಾಟ್ ಸಂಖ್ಯೆಗಳಿರುತ್ತವೆ. ದೊಡ್ಡದು ಕೊಡುವ ಶಾಖ, ಚಿಕ್ಕದು ಎಳೆಯುವ ಕರೆಂಟು. ವೈರಿಂಗಿಗೆ ಚಿಕ್ಕದು, ಕೊಳದ ಲೆಕ್ಕಕ್ಕೆ ದೊಡ್ಡದು.

ನಿಮ್ಮ ಅಳತೆಗೆ, 15 ಡಿಗ್ರಿ ಗಾಳಿಯಲ್ಲಿ 12ರಿಂದ 15 ಕಿಲೋವ್ಯಾಟ್ ಶಾಖ ಕೊಡುವ ಯಂತ್ರ ನಾನು ಸೂಚಿಸುತ್ತೇನೆ. 15 ಇದ್ದರೆ ಮೊದಲ ಬಿಸಿಗೆ 28 ಗಂಟೆ, ನಷ್ಟವೂ ಸೇರಿದರೆ ಒಂದೂವರೆಯಿಂದ ಎರಡು ದಿನ. ಹೀಟ್ ಪಂಪ್ ಓಡಬೇಕಾದರೆ ಫಿಲ್ಟರ್ ಪಂಪೂ ಓಡುತ್ತಿರಬೇಕು ಎನ್ನುವುದನ್ನು ಅನೇಕರು ಮರೆಯುತ್ತಾರೆ. ಟೈಮರ್ ದಿನಕ್ಕೆ ನಾಲ್ಕು ಗಂಟೆಗೆ ಇಟ್ಟರೆ 15 ಕಿಲೋವ್ಯಾಟ್ ಯಂತ್ರ ಕೊಡುವುದು 60 ಯೂನಿಟ್, ಅಂದರೆ ಒಂದು ಡಿಗ್ರಿ ಚಿಲ್ಲರೆ. ಅದನ್ನು ರಾತ್ರಿ ಗಾಳಿ ತಿಂದು ಹಾಕುತ್ತದೆ. ಆಮೇಲೆ ಯಂತ್ರ ಸರಿಯಿಲ್ಲ ಅಂತ ದೂರು. ಮಧ್ಯಾಹ್ನ ಗಾಳಿ ಬೆಚ್ಚಗಿರುವ ಹೊತ್ತಿನಲ್ಲಿ ಹೆಚ್ಚು ಗಂಟೆ ಓಡಿಸಿ, ರಾತ್ರಿ ಹೊದಿಸಿ.

ಸೋಲಾರ್ ಬಗ್ಗೆ: ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ನೀರು ಕಾಯಿಸುವ ಪ್ಯಾನಲ್ ಬೇಕು, ನಿಮಗೆ 16ರಿಂದ 32 ಚದರ ಮೀಟರ್ ನೆರಳಿಲ್ಲದ ಛಾವಣಿ. ಇದ್ದರೆ ಕೈಗೆ ಖರ್ಚಿಲ್ಲದ ಬಿಸಿ. ಮೋಡ ಕವಿದ ವಾರದಲ್ಲಿ ಮಾತ್ರ ಏನೂ ನಿರೀಕ್ಷಿಸಬೇಡಿ. ಬರೀ ಕಾಯಿಲ್ ಇರುವ ವಿದ್ಯುತ್ ಹೀಟರ್ ಒಂದು ಯೂನಿಟ್‌ಗೆ ಒಂದೇ ಯೂನಿಟ್ ಕೊಡುತ್ತದೆ, ಇಷ್ಟು ದೊಡ್ಡ ಕೊಳಕ್ಕೆ ಅದು ಬೇಡವೇ ಬೇಡ.

ಜೋಡಣೆಯಲ್ಲಿ ಕ್ರಮ ತಪ್ಪಬಾರದು: ಪಂಪು, ಫಿಲ್ಟರು, ಹೀಟರು, ಕೊನೆಗೆ ಕ್ಲೋರಿನ್ ಸೇರಿಸುವ ಸಾಧನ. ಹೀಟರಿಗೂ ಕ್ಲೋರಿನೇಟರಿಗೂ ನಡುವೆ ಒಂದು ಚೆಕ್ ವಾಲ್ವ್, ಪಂಪ್ ನಿಂತಾಗ ಗಾಢ ಕ್ಲೋರಿನ್ ನೀರು ಹಿಂದೆ ಹರಿಯದಂತೆ. ಸ್ಕಿಮ್ಮರ್ ಬುಟ್ಟಿಯಲ್ಲಿ (ನೀರ ಮೇಲೆ ತೇಲುವ ಕಸ ಹಿಡಿಯುವ ಬುಟ್ಟಿ) ಕ್ಲೋರಿನ್ ಮಾತ್ರೆ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಆ ಟ್ರೈಕ್ಲೋರ್ ಮಾತ್ರೆ ಕರಗಿದ ನೀರಿನ ಪಿಎಚ್ 3ರ ಆಸುಪಾಸು, ಅಂದರೆ ಕಡು ಹುಳಿ. ರಾತ್ರಿಯಿಡೀ ಬುಟ್ಟಿಯಲ್ಲಿ ಕರಗಿ ನಿಂತ ಆ ಆಮ್ಲ ಬೆಳಿಗ್ಗೆ ಪಂಪ್ ಆನ್ ಆದಕೂಡಲೇ ನೇರ ಹೀಟರಿನೊಳಗೆ ನುಗ್ಗುತ್ತದೆ. ಹಾಗೆ ಹಾಳಾದ ಗ್ಯಾಸ್ ಹೀಟರೊಂದನ್ನು ನಾನು ಬಿಚ್ಚಿದ್ದೇನೆ. ತಾಮ್ರದ ಕೊಳವೆ ಎಷ್ಟು ತೆಳುವಾಗಿತ್ತೆಂದರೆ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ತೂರಿಕೊಂಡಿತು. ಹೊರಗೆ ಕೊಳದ ಮೆಟ್ಟಿಲ ಮೇಲೆ ಹಸಿರು ನೀಲಿ ಕಲೆ, ಆ ಮನೆಯ ಮಕ್ಕಳ ಕೂದಲೂ ಹಸಿರು ಛಾಯೆಗೆ ತಿರುಗಿತ್ತು. ಎರಡಕ್ಕೂ ಕಾರಣ ಕರಗಿ ಬಂದ ತಾಮ್ರವೇ. ನಿಮ್ಮದು ಉಪ್ಪುನೀರಿನ ಕೊಳವಾದರೆ ನೀರಿಗೆ ಶಾಖ ದಾಟಿಸುವ ಟೈಟಾನಿಯಂ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ. ಪಿಎಚ್ 7.2ರಿಂದ 7.6ರ ನಡುವೆ ಇರಲಿ. ಅದಕ್ಕಿಂತ ಮೇಲೆ ಹೋದರೆ, ನೀರು ಗಡಸಾಗಿದ್ದಲ್ಲಿ, ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ.

ಹೀಟರಿನ ಸುತ್ತ ಮೂರು ವಾಲ್ವಿನ ಬೈಪಾಸ್ ಹಾಕಿಸಿ: ಒಳಹೋಗುವ ಪೈಪಿಗೊಂದು, ಹೊರಬರುವುದಕ್ಕೊಂದು, ಎರಡನ್ನೂ ಜೋಡಿಸುವ ಅಡ್ಡ ಪೈಪಿಗೊಂದು. ನಾಳೆ ಹೀಟರ್ ರಿಪೇರಿಗೆ ಹೋದರೂ ಕೊಳದ ನೀರು ಶುದ್ಧವಾಗುತ್ತಿರುತ್ತದೆ, ನೀರಿನ ಹರಿವನ್ನು ಹದ ಮಾಡಲೂ ಅದೇ ದಾರಿ. ಗ್ಯಾಸ್ ಹೀಟರಿನ ಬಾಯಿಗೆ ನೇರವಾಗಿ ಪಿವಿಸಿ ಪೈಪ್ ಅಂಟಿಸಬೇಡಿ. ಕಂಪನಿಯ ಕೈಪಿಡಿ ಹೇಳುವ ಶಾಖ ತಡೆಯುವ ತುಂಡು ನಡುವೆ ಇರಲೇಬೇಕು.

ಹೀಟ್ ಪಂಪನ್ನು ಬಯಲಲ್ಲಿ, ಸಮತಟ್ಟಾದ ಕಾಂಕ್ರೀಟ್ ಹಾಸಿನ ಮೇಲೆ ಕೂರಿಸಿ. ಶಬ್ದ ಬರುತ್ತದೆ ಅಂತ ಶೆಡ್ಡಿನೊಳಗೆ ಅಡಗಿಸಿದರೆ ಅದು ತಾನೇ ಉಗುಳಿದ ತಣ್ಣನೆ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು ಸೊರಗುತ್ತದೆ. ಫ್ಯಾನಿನ ಎದುರು ಎರಡು ಮೀಟರಾದರೂ ತೆರವು ಬೇಕು. ಮಲಗುವ ಕೋಣೆಯ ಕಿಟಕಿಯತ್ತ, ಪಕ್ಕದ ಮನೆಯತ್ತ ಫ್ಯಾನ್ ಮುಖ ಮಾಡಬೇಡಿ.

ನೀವೇ ಜೋಡಿಸಬಹುದಾ ಅಂದರೆ: ಹಾಸು ಹಾಕುವುದು, ಪೈಪು, ಬೈಪಾಸು, ಇವು ಕೈಕೆಲಸ ಗೊತ್ತಿದ್ದವರಿಗೆ ಕಷ್ಟವಲ್ಲ. ವಿದ್ಯುತ್ತು ಮತ್ತು ಗ್ಯಾಸ್ ಮುಟ್ಟಬೇಡಿ, ಪರವಾನಗಿ ಇರುವವರೇ ಮಾಡಲಿ. ಪ್ರತ್ಯೇಕ ಲೈನು, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಸೋರಿಕೆ ರಕ್ಷಕ, ಸುತ್ತಲಿನ ಲೋಹದ ಭಾಗಗಳಿಗೆಲ್ಲ ಬಾಂಡಿಂಗ್ (ತಂತಿಯಿಂದ ಒಂದಕ್ಕೊಂದು ಜೋಡಿಸುವುದು), ಇಷ್ಟೂ ಇದೆಯಾ ಅಂತ ಕೇಳಿ ನೋಡಿ. ಒದ್ದೆ ಮೈಯ ಜನ ಓಡಾಡುವ ಜಾಗ ಅದು. ಗ್ಯಾಸ್ ಹೀಟರನ್ನು ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ತೆಗೆಯುತ್ತದೆ.

ಹೀಟ್ ಪಂಪ್ ಹಾಕಿಸಿದ ಮೊದಲ ದಿನ ನಿಮಗೆ ಎರಡು ಅನುಮಾನ ಬರುವುದು ಖಂಡಿತ. ಕೊಳಕ್ಕೆ ಮರಳುವ ನೀರಿಗೆ ಕೈ ಒಡ್ಡಿದರೆ ಬಿಸಿಯೇ ಅನಿಸುವುದಿಲ್ಲ. ಗಂಟೆಗೆ 10,000 ಲೀಟರ್ ಹರಿಯುವಾಗ 15 ಕಿಲೋವ್ಯಾಟ್ ಏರಿಸುವುದು 1.3 ಡಿಗ್ರಿ ಅಷ್ಟೇ, ಅಂಗೈಗೆ ಅದು ತಿಳಿಯುವುದಿಲ್ಲ, ಥರ್ಮಾಮೀಟರ್ ಇಟ್ಟು ನೋಡಿ. ಇನ್ನೊಂದು, ಯಂತ್ರದ ಅಡಿಯಲ್ಲಿ ನೀರು ನಿಂತಿರುತ್ತದೆ. ಅದು ಗಾಳಿಯ ತೇವ ತಣ್ಣನೆ ಕಾಯಿಲಿಗೆ ತಾಗಿ ಇಳಿದದ್ದು, ತೇವದ ದಿನಗಳಲ್ಲಿ ಬಕೆಟ್ಟುಗಟ್ಟಲೆ ಬರುತ್ತದೆ. ಸೋರಿಕೆಯೋ ಏನೋ ಅನಿಸಿದರೆ ಕ್ಲೋರಿನ್ ಪರೀಕ್ಷೆಯ ಪಟ್ಟಿಯೊಂದನ್ನು ಆ ನೀರಿಗೆ ಅದ್ದಿ. ಕ್ಲೋರಿನ್ ತೋರಿಸಿದರೆ ಕೊಳದ ನೀರು ಸೋರುತ್ತಿದೆ, ಜೋಡಿಸಿದವನನ್ನು ಕರೆಸಿ. ತೋರಿಸದಿದ್ದರೆ ಹೀಟ್ ಪಂಪನ್ನು ಮಾತ್ರ ಆಫ್ ಮಾಡಿ ಫಿಲ್ಟರ್ ಪಂಪನ್ನು ಓಡಲು ಬಿಡಿ. ಒಂದೆರಡು ಗಂಟೆಯಲ್ಲಿ ತೊಟ್ಟಿಕ್ಕುವುದು ನಿಂತರೆ ಯಂತ್ರಕ್ಕೇನೂ ಆಗಿಲ್ಲ, ಆ ನೀರು ಗಿಡದ ಬುಡಕ್ಕೆ ಹೋಗುವಂತೆ ಒಂದು ಪೈಪ್ ಸಿಕ್ಕಿಸಿ.