ಕಿಂಗ್ ದಾರಿಯೋ, ಮಾಲ್ಕಮ್ ಎಕ್ಸ್ ದಾರಿಯೋ? ನವಲಗುಂದದವನ ಉತ್ತರ

ಅಮೆರಿಕದ ಕಪ್ಪು ಜನರಿಗೆ ಹಕ್ಕು ಸಿಕ್ಕಿದ್ದು ಅವರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಅಹಿಂಸೆಯಿಂದಲೋ, ಇನ್ನೊಬ್ಬ ಮುಂದಾಳು ಮಾಲ್ಕಮ್ ಎಕ್ಸ್ ಹುಟ್ಟಿಸಿದ ಹೆದರಿಕೆಯಿಂದಲೋ ಅಂತ ಕೇಳಿದ್ದೀರಿ. ಕೈಕಟ್ಟಿ ಕೂತರೆ ಯಾರು ಕೊಡ್ತಾರೆ ಅನ್ನೋದು ನಿಮ್ಮ ಅನುಮಾನ.

ಕೈಕಟ್ಟಿ ಕೂತರೆ ಯಾರೂ ಕೊಡಲ್ಲ, ಒಪ್ಪಿದೆ. ಆದರೆ ಕಿಂಗ್ ಕೈಕಟ್ಟಿ ಕೂತಿದ್ದು ಯಾವಾಗ? 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್ಗೊಮರಿ ಊರಿನ ಕಪ್ಪು ಜನ, ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕು ಅನ್ನೋ ಕಟ್ಟಳೆ ವಿರೋಧಿಸಿ, ಕಿಂಗ್ ಮುಂದಾಳತ್ವದಲ್ಲಿ ಸಿಟಿ ಬಸ್ ಬಿಟ್ಟರು. 381 ದಿನ ಹತ್ತಲಿಲ್ಲ. ಅಡುಗೆ ಕೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು, ಕಾರಿದ್ದವರು ದಾರೀಲಿ ಸಿಕ್ಕವರನ್ನು ಹತ್ತಿಸಿಕೊಂಡು ಹೋದರು, ಆ ಬಸ್ಸಿಗೆ ಹತ್ತುತ್ತಿದ್ದವರಲ್ಲಿ ಬಹುಪಾಲು ಅವರೇ ಆಗಿದ್ದರಿಂದ ಕಂಪನಿಯ ಗಲ್ಲಾ ಖಾಲಿಯಾಯಿತು. ಜೊತೆಗೆ ಕೋರ್ಟಿನಲ್ಲಿ ಕೇಸೂ ನಡೆದಿತ್ತು, ಅದನ್ನೂ ಗೆದ್ದರು. ನಡುವೆ ಕಿಂಗ್ ಮನೆಗೆ ಬಾಂಬ್ ಬಿತ್ತು. ಅಂಗಳದಲ್ಲಿ ಸೇರಿದ ಸಿಟ್ಟಿನ ಜನರಲ್ಲಿ ಕೆಲವರ ಕೈಯಲ್ಲಿ ಬಂದೂಕು ಇತ್ತು. ಮನೆಗೆ ಹೋಗಿ ಅಂತ ಕಿಂಗ್ ಅವರನ್ನು ವಾಪಸ್ ಕಳಿಸಿದರು. (ಅದಾದ ಮೇಲೆ ಸ್ವತಃ ಕಿಂಗ್ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದ್ದರು, ಕೊಡಲಿಲ್ಲ. ಅವರೂ ಮನುಷ್ಯರೇ ಅಲ್ವಾ.)

ನನಗೆ ಇದಕ್ಕಿಂತ ಜಾಸ್ತಿ ಹಿಡಿಸೋದು ಅಮೆರಿಕದ ಇನ್ನೊಂದು ಊರು ನ್ಯಾಶ್‌ವಿಲ್ ಕಥೆ. ಜೇಮ್ಸ್ ಲಾಸನ್ ಅಂತ ಒಬ್ಬರು. ನಮ್ಮ ನಾಗಪುರದಲ್ಲಿ ಮೂರು ವರ್ಷ ಇದ್ದು ಗಾಂಧಿಯ ದಾರಿ ತಿಳಿದುಕೊಂಡು ಹೋದವರು. ನ್ಯಾಶ್‌ವಿಲ್‌ನ ಕಪ್ಪು ವಿದ್ಯಾರ್ಥಿಗಳಿಗೆ ಅವರು ತಾಲೀಮು ಕೊಟ್ಟರು. ತಮ್ಮವರೇ ತಮಗೆ ಬೈಯೋದು, ಉಗುಳೋದು, ಕುರ್ಚಿಯಿಂದ ತಳ್ಳೋದು, ಕೈ ಎತ್ತದೆ ತಡ್ಕೊಳ್ಳೋದು. ಕುಸ್ತಿ ಗರಡಿಯ ತಾಲೀಮಿಗೂ ಇದಕ್ಕೂ ಏನೂ ಫರಕಿಲ್ಲ. 1960ರ ಫೆಬ್ರವರಿಯಲ್ಲಿ ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರ್‌ಗಳಲ್ಲಿ ಹೋಗಿ ಕೂತರು. ಹೊಡೆತ ತಿಂದರು, ಜೈಲಿಗೆ ಹೋದರು. ಮೇ ತಿಂಗಳಿಗೆ ಕೌಂಟರ್‌ಗಳು ಅವರಿಗೂ ತೆರೆದವು.

ಹಾಗಂತ ಮಾಲ್ಕಮ್ ಎಕ್ಸ್ ಅವರನ್ನು ತಳ್ಳಿಹಾಕಲಾರೆ. ಹೊಡೆಯಲು ಬಂದವರಿಂದ ನಮ್ಮನ್ನು ಕಾಪಾಡಿಕೊಳ್ಳುತ್ತೇವೆ ಅಂದರು, ಅದರಲ್ಲಿ ತಪ್ಪೇನು? 1965ರ ಫೆಬ್ರವರಿಯಲ್ಲಿ, ಕಪ್ಪು ಜನ ವೋಟಿನ ಹಕ್ಕಿಗೆ ಹೋರಾಡುತ್ತಿದ್ದ ಸೆಲ್ಮಾ ಊರಿಗೆ ಅವರು ಬಂದಾಗ ಕಿಂಗ್ ಜೈಲಲ್ಲಿದ್ದರು. ನಿಮ್ಮ ಗಂಡನ ಕೆಲಸ ಕಷ್ಟ ಮಾಡೋಕೆ ಬಂದಿಲ್ಲ, ಸುಲಭ ಮಾಡೋಕೆ ಬಂದಿದ್ದೇನೆ ಅನ್ನುವ ಅರ್ಥದಲ್ಲಿ ಕಿಂಗ್ ಅವರ ಹೆಂಡತಿಗೆ ಹೇಳಿ ಹೋದರು. ಅದೇ ತಿಂಗಳು ಮಾಲ್ಕಮ್ ಅವರನ್ನು ಕೊಂದರು.

ಇನ್ನು ನಮ್ಮೂರಿನ ಮಾತು. 1980ರ ಜುಲೈ 21. ಮಲಪ್ರಭಾ ಕಾಲುವೆ ನೀರು ನೆಟ್ಟಗೆ ಬರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಹೊಲದ ಬೆಲೆ ಏರಿತು ಅಂತ ಹಾಕೋ ಕರ) ಕಟ್ಟು ಅಂದಿದ್ದಕ್ಕೆ ನವಲಗುಂದ, ನರಗುಂದದ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು, ರೈತರು ಸತ್ತರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ನಮ್ಮಪ್ಪ ಆಗ ಇಪ್ಪತ್ತೆರಡರ ಹುಡುಗ, ಗುಂಪಲ್ಲಿದ್ದ. "ಮೊದಲ ಕಲ್ಲು ಯಾರು ಒಗದ್ರೋ ಇವತ್ತಿಗೂ ಗೊತ್ತಿಲ್ಲ ತಮ್ಮಾ, ಆಮ್ಯಾಲೆ ಲೆವಿ ಸುದ್ದಿನ ಯಾರೂ ಎತ್ತಲಿಲ್ಲ, ಎಲ್ಲಾರೂ ಬರೇ ಹೆಣ ಎಣಿಸಿದ್ರು" ಅಂತಾನೆ.

ಆದರೂ ಸರಕಾರ ಬಗ್ಗಿತಲ್ಲ ಅಂತ ನೀವು ಕೇಳಬಹುದು. ಬಗ್ಗಿತು, ನಿಜ. ಆ ದಿನದ ರಕ್ತ ಇಡೀ ರಾಜ್ಯವನ್ನು ಎಬ್ಬಿಸಿತು ಅನ್ನೋದನ್ನೂ ಅಲ್ಲಗಳೆಯಲ್ಲ. ಆದರೆ ಕೊನೆಗೆ ಕೆಲಸ ಮಾಡಿದ್ದು ಕಲ್ಲಲ್ಲ. ಎದ್ದ ಜನ ಜಾಥಾ ಮಾಡಿದರು, ರೈತ ಸಂಘ ಕಟ್ಟಿದರು, 1983ರಲ್ಲಿ ವೋಟು ಹಾಕಿ ಆ ಸರಕಾರವನ್ನೇ ಇಳಿಸಿದರು. ಹಾಗಾಗಿ ನನ್ನ ಓಟು ಲಾಸನ್ ತಾಲೀಮಿಗೆ. ಎದುರಿನವನ ಗಲ್ಲಾಕ್ಕೋ ಕುರ್ಚಿಗೋ ಬಿಸಿ ತಟ್ಟಬೇಕು. ಕಲ್ಲು ಬಿದ್ದರೆ ಬಿಸಿ ನಮಗೇ ತಟ್ಟುತ್ತೆ.

2016ರ ಜುಲೈನಲ್ಲಿ ಮಹದಾಯಿ ನದಿ ನೀರಿನ ಗಲಾಟೆಯಲ್ಲಿ ನಮ್ಮ ಓಣಿಯ ಒಬ್ಬ ಹುಡುಗನ ಮೇಲೆ ಕೇಸಾಯಿತು. ಕಲ್ಲು ಒಗೆದನೋ, ಸುಮ್ನೆ ನಿಂತಿದ್ದನೋ, ಅವನಿಗೇ ಗೊತ್ತು. ಅಲ್ಲಿಂದ ಪ್ರತಿ ತಾರೀಖಿಗೂ ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಹೋಗುತ್ತಿದ್ದ. ನರಗುಂದದ ಮಹದಾಯಿ ಧರಣಿ ಪೆಂಡಾಲಿನಲ್ಲಿ ಕೂರೋಕೆ ಬಾರೋ ಅಂತ ಅಪ್ಪ ಕರೆದರೆ, "ಕಾಕಾ, ನಾಳೆ ತಾರೀಖ ಐತಿ" ಅನ್ನುತ್ತಿದ್ದ.