ನಿದ್ದೆಗಣ್ಣೋ, ದಣಿವೋ? ಎಂಎಸ್ ಇರುವವರ ಪ್ರಶ್ನೆಗಳು

ಪ್ರಶ್ನೆ: ನನಗೆ 36 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಬಲಗಣ್ಣು ಮಂಜಾದಾಗ ಎಂಆರ್‌ಐ ಮಾಡಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಹೇಳಿದರು. ಇಂಟರ್‌ಫೆರಾನ್ ಚುಚ್ಚುಮದ್ದು ನಡೆಯುತ್ತಿದೆ. ಎರಡು ವರ್ಷಗಳಿಂದ ಕಾಯಿಲೆ ಮರುಕಳಿಸಿಲ್ಲ. ಆದರೂ ಬೆಳಿಗ್ಗೆ ಎದ್ದಾಗಲೇ ಮೈ ಸೋತಿರುತ್ತದೆ. ಮೂರನೆಯ ಪೀರಿಯಡ್ ಹೊತ್ತಿಗೆ ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕದ ಮುಂದಿನ ಹಂತವೇ ಮರೆತುಹೋಗುತ್ತದೆ. ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳುತ್ತೇನೆ. ಮಲಗಿದ ಮೇಲೆ ಕಾಲೊಳಗೆ ಏನೋ ಹರಿದಾಡಿದಂತಾಗಿ ಎದ್ದು ಓಡಾಡಬೇಕೆನಿಸುತ್ತದೆ. ‘ಎಂಎಸ್ ಎಂದರೆ ಸುಸ್ತು ಇದ್ದದ್ದೇ’ ಎನ್ನುತ್ತಾರೆ. ಇದಕ್ಕೆ ಔಷಧವಿಲ್ಲವೇ? ಕಾಯಿಲೆ ಒಳಗೊಳಗೇ ಹೆಚ್ಚುತ್ತಿದೆಯೇ?
– ಶಿಕ್ಷಕಿ, ಕಲಬುರಗಿ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ರಾತ್ರಿ ಎಚ್ಚರವಾದಾಗ ನಿಮ್ಮನ್ನು ಕಾಡುವುದು ಅದೇ ಇರಬೇಕು. ದಣಿವು ಹೆಚ್ಚಿದ ಮಾತ್ರಕ್ಕೆ ಕಾಯಿಲೆ ಹೆಚ್ಚಿತೆಂದು ಅರ್ಥವಲ್ಲ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಎಂಬ ಹೊದಿಕೆಯನ್ನು ಹಾಳುಮಾಡುತ್ತದೆ. ಹೊದಿಕೆ ಕಳೆದುಕೊಂಡ ತಂತುವಿನಲ್ಲಿ ಸಂದೇಶ ನಿಧಾನವಾಗಿ ಸಾಗುವುದರಿಂದ, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೇ ಮಿದುಳು ಹೆಚ್ಚು ದುಡಿಯಬೇಕಾಗುತ್ತದೆ. ಎಂಎಸ್ ಇರುವ ಹತ್ತು ಜನರಲ್ಲಿ ಏಳೆಂಟು ಮಂದಿಯನ್ನಾದರೂ ಈ ದಣಿವು ಕಾಡುತ್ತದೆ. ಎಂಆರ್‌ಐಯಲ್ಲಿ ಕಾಣುವ ಕಲೆಗಳ ಲೆಕ್ಕಕ್ಕೂ ಅದರ ತೀವ್ರತೆಗೂ ತಾಳೆಯಾಗುವುದಿಲ್ಲ.

ಆದರೆ ‘ಇದ್ದದ್ದೇ’ ಎಂಬ ಮಾತನ್ನು ನಾನು ಒಪ್ಪಲಾರೆ. ಹಾಗೆ ಹೇಳಿ ಕೈಬಿಟ್ಟ ಎಷ್ಟೋ ದಣಿವುಗಳ ಬೇರು ರಾತ್ರಿಯಲ್ಲಿರುತ್ತದೆ. ಮಧ್ಯಾಹ್ನ ಸ್ಟಾಫ್ ರೂಮಿನ ಕುರ್ಚಿಗೆ ಒರಗಿದರೆ ನಿಮ್ಮ ಕಣ್ಣು ತಾನಾಗಿ ಮುಚ್ಚುತ್ತದೆಯೇ, ಅಥವಾ ಕಣ್ಣು ತೆರೆದೇ ಇದ್ದು, ಪಕ್ಕದಲ್ಲಿರುವ ನೀರಿನ ಬಾಟಲಿಗೆ ಕೈಚಾಚುವುದೇ ದೊಡ್ಡ ಕೆಲಸವೆನಿಸುತ್ತದೆಯೇ? ಮೊದಲನೆಯದು ನಿದ್ದೆಯ ಬಾಕಿ, ಎರಡನೆಯದು ಎಂಎಸ್‌ನ ದಣಿವು. ಅನೇಕರಲ್ಲಿ ಇವೆರಡೂ ಹೆಣೆದುಕೊಂಡಿರುತ್ತವೆ. ಬಾಕಿಯನ್ನು ತೀರಿಸಬಹುದು, ಆದ್ದರಿಂದ ಅಲ್ಲಿಂದಲೇ ತೊಡಗಬೇಕು.

ಮೂತ್ರದ ತೊಂದರೆ ಎಂಎಸ್‌ನಲ್ಲಿ ಎರಡು ಬಗೆ. ಮೂತ್ರಕೋಶ ತುಂಬುವ ಮೊದಲೇ ಹಿಂಡುವುದು ಒಂದು. ಪೂರ್ತಿ ಖಾಲಿಯಾಗದೆ ಉಳಿದು, ಬೇಗ ಮತ್ತೆ ತುಂಬುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದನ್ನು ಕೆಡಿಸಬಹುದು. ಹೀಗಾಗಿ ಮೂತ್ರ ಮಾಡಿದ ನಂತರ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಿಸಿಕೊಳ್ಳದೆ ಔಷಧ ಆರಂಭಿಸಬೇಡಿ. ಶಾಲೆಯಲ್ಲಿ ಶೌಚಾಲಯದ ಅನುಕೂಲ ಸರಿಯಿಲ್ಲವೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಶಿಕ್ಷಕಿಯರನ್ನು ನಾನು ಬಲ್ಲೆ. ಇದರಿಂದ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ, ಮಲಬದ್ಧತೆಯೂ ಜೊತೆಗೂಡುತ್ತದೆ. ಹಗಲಿನಲ್ಲಿ ಚೆನ್ನಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲಿನಿಂದ ಕಡಿಮೆ ಮಾಡಿ. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ನಾಲ್ಕು ಗಂಟೆಗೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು, ರಾತ್ರಿ ಒಂಬತ್ತಕ್ಕೂ ರಕ್ತದಲ್ಲೇ ಇರುತ್ತದೆ. ದಣಿವು ಎರಡು ಮೂರು ದಿನಗಳಲ್ಲಿ ಏಕಾಏಕಿ ಏರಿದರೆ ಮೊದಲು ಮೂತ್ರಪರೀಕ್ಷೆ ಮಾಡಿಸಿ. ಅಲ್ಲಿನ ಸೋಂಕು ಹಳೆಯ ಲಕ್ಷಣಗಳನ್ನೆಲ್ಲ ಮೇಲೆಬ್ಬಿಸಿ, ಕಾಯಿಲೆಯೇ ಮರುಕಳಿಸಿತೇನೋ ಎಂಬ ಭ್ರಮೆ ಹುಟ್ಟಿಸುತ್ತದೆ.

ಕಾಲಿನದು ನೀವು ಬರೆದಂತೆಯೇ ಇದ್ದರೆ, ಅಂದರೆ ಸಂಜೆಯಾದಂತೆ ಹೆಚ್ಚಿ, ಎದ್ದು ನಡೆದಾಗ ಕೂಡಲೇ ತಗ್ಗುವುದಾದರೆ, ಅದು ‘ರೆಸ್ಟ್‌ಲೆಸ್ ಲೆಗ್ಸ್’ ಎಂಬ ತೊಂದರೆ. ಎಂಎಸ್ ಇರುವವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಮೀನಖಂಡ ಗಟ್ಟಿಯಾಗಿ ಸೆಟೆದು ನೋಯುವ ಸೆಳೆತವೇ ಬೇರೆ; ಅದಕ್ಕೆ ಬ್ಯಾಕ್ಲೊಫೆನ್‌ನಂಥ ಔಷಧಗಳಿವೆ. ಹರಿದಾಡುವ ಕಾಲಿಗೆ ಮಾತ್ರ ಮೊದಲು ದೇಹದ ಕಬ್ಬಿಣಾಂಶ ನೋಡಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಪರಿಗಣಿಸುತ್ತೇವೆ. ಪ್ರಯೋಗಾಲಯದ ವರದಿಯಲ್ಲಿ 30 ಎಂಬ ಅಂಕಿಯ ಮುಂದೆ ‘ನಾರ್ಮಲ್’ ಎಂದಿದ್ದರೂ ನಿಮ್ಮ ಕಾಲಿಗೆ ಅದು ಸಾಲದೇ ಇರಬಹುದು. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ತೂಕಡಿಕೆ ಬರಿಸುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಅದೇ ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಲಿ. ಇಂಟರ್‌ಫೆರಾನ್ ಥೈರಾಯ್ಡನ್ನು ಏರುಪೇರು ಮಾಡಬಲ್ಲದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು.

ಚುಚ್ಚುಮದ್ದಿನ ಮರುದಿನವೇ ಸುಸ್ತು ಜಾಸ್ತಿಯೇ ಎಂಬುದನ್ನೂ ಗಮನಿಸಿ. ಎರಡು ವಾರ ಒಂದು ನೋಟುಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಎಷ್ಟು ಬಾರಿ ಎಚ್ಚರ, ಚುಚ್ಚುಮದ್ದಿನ ದಿನ, ದಣಿವಿಗೆ ಹತ್ತರಲ್ಲಿ ಎಷ್ಟು ಅಂಕ, ಇಷ್ಟನ್ನು ಬರೆದಿಟ್ಟು ನರರೋಗ ತಜ್ಞರ ಮುಂದಿಡಿ. ‘ತುಂಬಾ ಸುಸ್ತು ಡಾಕ್ಟ್ರೇ’ ಎಂಬ ಮಾತಿಗಿಂತ ಆ ಎರಡು ಪುಟ ನಮಗೆ ಹೆಚ್ಚು ಹೇಳುತ್ತವೆ.

ಇನ್ನು ದಣಿವಿಗೇ ಔಷಧ. ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಎಂಬ ಮೂರನ್ನು ವರ್ಷಗಳಿಂದ ಬರೆದುಕೊಡುತ್ತಾ ಬಂದಿದ್ದೇವೆ. ಅಮೆರಿಕದಲ್ಲಿ 141 ಮಂದಿಗೆ ಸರದಿಯಂತೆ ಈ ಮೂರನ್ನೂ, ಔಷಧವೇ ಇಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಯಾವುದೂ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು. ಅಪರೂಪಕ್ಕೆ ಒಬ್ಬಿಬ್ಬರಿಗೆ ಉಪಯೋಗವಾದುದನ್ನು ನಾನು ಕಂಡಿದ್ದೇನೆ, ಆದರೆ ಮಾತ್ರೆಯಿಂದ ತೊಡಗುವುದಿಲ್ಲ. ಮುಖ್ಯೋಪಾಧ್ಯಾಯರಲ್ಲಿ ಕೇಳಿ ಹತ್ತನೆಯ ತರಗತಿಯ ಲೆಕ್ಕದ ಪಾಠವನ್ನು ಮೊದಲ ಪೀರಿಯಡ್‌ಗೆ ಹಾಕಿಸಿಕೊಳ್ಳಿ, ಬೋರ್ಡಿನ ಬಳಿ ಎತ್ತರದ ಒಂದು ಸ್ಟೂಲ್ ಇಡಿಸಿ, ಸೋಲುವ ಮೊದಲೇ ಹತ್ತು ನಿಮಿಷ ಕುಳಿತುಕೊಳ್ಳಿ. ಸೋತ ಮೇಲೆ ಕುಳಿತರೆ ಚೇತರಿಸಿಕೊಳ್ಳಲು ಅದರ ಎಷ್ಟೋ ಪಟ್ಟು ಹೊತ್ತು ಬೇಕಾಗುತ್ತದೆ.

ಪ್ರಶ್ನೆ: ನನ್ನ ಸೊಸೆಗೆ 31 ವರ್ಷ. ಐದು ತಿಂಗಳ ಹಿಂದೆ ಎಂಎಸ್ ಇದೆ ಎಂದು ಗೊತ್ತಾಯಿತು. ನೋಡಲು ಚೆನ್ನಾಗಿಯೇ ಇದ್ದಾಳೆ. ಬೆಳಿಗ್ಗೆ ಲವಲವಿಕೆಯಿಂದ ಇದ್ದವಳು ಮಧ್ಯಾಹ್ನದ ಮೇಲೆ ಮಲಗಿಬಿಡುತ್ತಾಳೆ. ಸುಳ್ಳು ಹೇಳಲಾರೆ, ನನಗೆ ಒಮ್ಮೊಮ್ಮೆ ಸೋಮಾರಿತನವೇನೋ ಅನಿಸಿದ್ದುಂಟು. ಆದರೆ ದೀಪಾವಳಿಯ ದಿನ ಹಂಡೆಯ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿಸಿದಾಗ ಕಾಲು ಎತ್ತಲಾರದೆ ಬಚ್ಚಲಲ್ಲೇ ಕುಳಿತುಬಿಟ್ಟಳು. ಅಂದಿನಿಂದ ಹೆದರಿದ್ದೇನೆ. ನಡಿಗೆ, ವ್ಯಾಯಾಮ ಮಾಡಿಸಬಹುದೇ?
– ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ಒಳ್ಳೆಯದಾಯಿತು. ಬಚ್ಚಲಲ್ಲಿ ನೀವು ಕಂಡದ್ದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲಿಯೇ ದಾಖಲಿಸಿದ್ದರು. ಅವರ ರೋಗಿಗಳಿಗೆ ಶ್ರಮಪಟ್ಟಾಗ ದೃಷ್ಟಿ ಮಂಜಾಗುತ್ತಿತ್ತು. ಹೊದಿಕೆ ಕಳೆದುಕೊಂಡ ನರಕ್ಕೆ ಮೈಯ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಂದೇಶ ಸಾಗಿಸುವುದು ಕಷ್ಟ. ಎಂಆರ್‌ಐ ಇಲ್ಲದ ಕಾಲದಲ್ಲಿ ಎಂಎಸ್ ಶಂಕೆಯಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಹೆಚ್ಚುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಗೊತ್ತಿಲ್ಲದೆಯೇ ನೀವು ಅದೇ ಪರೀಕ್ಷೆ ಮಾಡಿದಂತಾಯಿತು. ಮೈ ತಣಿದ ಮೇಲೆ ಕಾಲಿಗೆ ಬಲ ಮರಳುತ್ತದೆ. ಇದರಿಂದ ನರಗಳಿಗೆ ಹೊಸ ಹಾನಿಯಾಗುವುದಿಲ್ಲ. ಹೆದರಬೇಕಾದುದು ಬಚ್ಚಲಲ್ಲಿ ಜಾರಿ ಬೀಳುವುದಕ್ಕೆ ಮಾತ್ರ.

ಬೆಳಿಗ್ಗೆ ಲವಲವಿಕೆಯಿದ್ದು ಮಧ್ಯಾಹ್ನ ಸೋಲುವುದಕ್ಕೂ ಇದೇ ಒಂದು ಕಾರಣ. ಎಲ್ಲರ ಮೈಯ ಶಾಖವೂ ಬೆಳಗಿನ ಜಾವ ಕಡಿಮೆಯಿದ್ದು ದಿನ ಏರಿದಂತೆ ಏರುತ್ತದೆ. ಅದರ ಮೇಲೆ ಕರಾವಳಿಯ ಸೆಕೆ, ಅಡುಗೆಮನೆಯ ಹಬೆ. ಒಲೆಯ ಮುಂದಿನ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಕೊರಳಿಗೆ ಒದ್ದೆ ಬಟ್ಟೆ, ಕುಡಿಯಲು ತಣ್ಣನೆಯ ಮಜ್ಜಿಗೆ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಹಬ್ಬಕ್ಕೆ ಎಣ್ಣೆ ಹಚ್ಚಲು ಅಡ್ಡಿಯಿಲ್ಲ, ಹಂಡೆಯ ಬಿಸಿ ಮಾತ್ರ ಬೇಡ. ಮಧ್ಯಾಹ್ನ ಮೂರರ ಒಳಗೆ ಅರ್ಧ ಗಂಟೆ ಮಲಗಲಿ. ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ.

ವ್ಯಾಯಾಮ ಖಂಡಿತ ಮಾಡಬಹುದು, ಮಾಡಲೇಬೇಕು. ಎಂಎಸ್ ಇರುವವರು ವಿಶ್ರಾಂತಿಯಲ್ಲೇ ಇರಬೇಕೆಂದು ಹಿಂದೆ ನಾವು ವೈದ್ಯರೇ ಹೇಳುತ್ತಿದ್ದೆವು. ಅದು ತಪ್ಪೆಂದು ಈಗ ತಿಳಿದಿದೆ. ನಿಯಮಿತ ವ್ಯಾಯಾಮ ದಣಿವನ್ನು ತಗ್ಗಿಸುತ್ತದೆ. ಬಿಸಿಲೇರುವ ಮೊದಲು ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ, ವಾರಕ್ಕೆ ಎರಡು ನಿಮಿಷದಂತೆ ಏರಿಸಿ. ಜೊತೆಗೆ ನೀವೂ ನಡೆಯಿರಿ.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಕೆಲಸ, ಮೂರು ವರ್ಷದಿಂದ ಎಂಎಸ್. ಎಂಟು ಗಂಟೆ ಮಲಗಿದರೂ ಮೀಟಿಂಗ್‌ನಲ್ಲಿ ನಿದ್ದೆ ಬರುತ್ತದೆ. ಗೊರಕೆ ಜೋರು ಎಂದು ರೂಮ್‌ಮೇಟ್ ದೂರುತ್ತಾನೆ. ಮೊಡಾಫಿನಿಲ್ ಕೇಳಲೇ? ಆಫೀಸಿನಲ್ಲಿ ಕಾಯಿಲೆಯ ವಿಷಯ ಹೇಳಲೇ?
– ಓದುಗ, ಬೆಂಗಳೂರು

ಉತ್ತರ: ನಿಮ್ಮದು ನಿದ್ದೆಗಣ್ಣಿನ ಲಕ್ಷಣ, ಎಂಎಸ್‌ನ ಲೆಕ್ಕಕ್ಕೆ ಬರೆಯಬೇಡಿ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನಿಂದ ಆರಂಭವಾಗುತ್ತದೆಯೇ ಎಂದು ರೂಮ್‌ಮೇಟ್‌ನನ್ನು ಕೇಳಿ. ಹಗಲಿನ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಎಂಬ ಎಂಟು ಪ್ರಶ್ನೆಗಳ ಅಳತೆಯಲ್ಲಿ 24ಕ್ಕೆ 10ಕ್ಕಿಂತ ಹೆಚ್ಚು ಅಂಕ ಬಂದರೆ, ರಾತ್ರಿಯಿಡೀ ಉಸಿರಾಟ ದಾಖಲಿಸುವ ನಿದ್ರಾಪರೀಕ್ಷೆ ಮಾಡಿಸಬೇಕು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆ್ಯಪ್ನಿಯಾ ಎಂದು ತಿಳಿದರೆ ಮುಖವಾಡದ ಮೂಲಕ ಗಾಳಿಯೊತ್ತುವ ಸಿಪ್ಯಾಪ್ ಯಂತ್ರವಿದೆ. ಪರೀಕ್ಷೆಗೆ ಮೊದಲೇ ಮೊಡಾಫಿನಿಲ್ ನುಂಗಿದರೆ ನಿದ್ದೆಯ ಬಾಕಿ ಹಾಗೆಯೇ ಉಳಿದು, ಅದರ ಅರಿವು ಮಾತ್ರ ಹೋಗುತ್ತದೆ. ಅಲ್ಲಿಯವರೆಗೆ ಬೈಕ್ ಓಡಿಸಬೇಡಿ.

ಆಫೀಸಿನ ವಿಷಯ ನಿಮ್ಮ ಇಚ್ಛೆಗೆ ಬಿಟ್ಟದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಸ್ಥಿತಿಗಳಲ್ಲಿ ಎಂಎಸ್ ಕೂಡ ಇದೆ; ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಅದು ಹೇಳುತ್ತದೆ. ನಿಮ್ಮ ಕಂಪನಿಯ ನೀತಿಯನ್ನು ಮೊದಲು ಓದಿ. ಹೇಳುವುದಾದರೆ ಕಾಯಿಲೆಯ ಕಥೆಗಿಂತ ಬೇಕಾದ ಅನುಕೂಲವನ್ನು ಸ್ಪಷ್ಟವಾಗಿ ಬರೆದು ಕೇಳಿ: ರಾತ್ರಿ ಪಾಳಿ ಬೇಡ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಮುಖ್ಯ ಮೀಟಿಂಗ್‌ಗಳು ಬೆಳಿಗ್ಗೆ.